ಗುಳ್ಳೆಯೊಳಗೆ ಹಿಡಿಸದ ಹೆಸರು

ಕಾಮಿಕ್ಸ್ ಓದುವ ಅಜ್ಜಿಯನ್ನು ನೋಡಿದ್ದೀರಾ? ನಾನು ನೋಡಿದೆ. ಹೋದ ಭಾನುವಾರ, ಕೈಲಾಂಚದಿಂದ ಸ್ವಲ್ಪ ಮುಂದಿರುವ ಹಳ್ಳಿಯಲ್ಲಿ, ಜಗುಲಿಯ ಮೇಲೆ. ಮಜಾ ಏನೆಂದರೆ, ಅವರು ಓದುತ್ತಿದ್ದ ಕಾಮಿಕ್ಸಿನ ಹೀರೋಯಿನ್ ಅವರೇ.

ಅಜ್ಜಿಯ ಹೆಸರು ಕೆಂಪಮ್ಮ. ಎಪ್ಪತ್ತು ದಾಟಿದೆ. ನಮ್ಮ ರಾಮನಗರ ಸೀಮೆಯ ಹಳೆಯ ದಲಿತ ಹೋರಾಟಗಾರ್ತಿ. ತಮ್ಮ ಕೇರಿಯವರಿಗೆಂದು ಹೋಟೆಲಿನ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದ ಬೇರೆ ಲೋಟವನ್ನು ಕಿತ್ತು ಬಿಸಾಡಿ, ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಟೀ ಕೇಳಿದವರು. ಊರ ಬಾವಿಯಿಂದ ಕೇರಿಯ ಮೊದಲ ಕೊಡ ಸೇದಿದವರು. ಅದಕ್ಕಾಗಿ ಏಟು ತಿಂದರು, ಲಾಕಪ್ಪಿನಲ್ಲೂ ಕೂತು ಬಂದರು.

ಇಂಥವರ ಬದುಕನ್ನು ದಪ್ಪ ಪುಸ್ತಕ ಮಾಡಿದರೆ ಯಾರು ಓದುತ್ತಾರೆ? (ಬಿಡುಗಡೆಯ ದಿನ ಹಾರ ಹಾಕಿದವರೂ ಓದುವುದಿಲ್ಲ.) ಮಕ್ಕಳಾದರೂ ಓದಲಿ, ಕಾಮಿಕ್ಸ್ ಮಾಡೋಣ ಅಂತ ಹೊರಟೆವು. ಬರವಣಿಗೆ ನನ್ನದು. ಚಿತ್ರ ರೂಪಾಳದ್ದು. ಚನ್ನಪಟ್ಟಣದ ನನ್ನ ಗೆಳೆಯನ ಮಗಳು, ಒಳ್ಳೆಯ ಕೈ.

ಕಾಮಿಕ್ಸಿನಲ್ಲಿ ದೊಡ್ಡ ತಾಪತ್ರಯ ಜಾಗದ್ದು. ಆಡುವ ಮಾತೆಲ್ಲ ಒಂದು ಪುಟ್ಟ ಗುಳ್ಳೆಯೊಳಗೆ ಹಿಡಿಸಬೇಕು. 'ಕೆಂಪಮ್ಮ' ಅಂತ ಬರೆದರೆ ಆ 'ಮ್ಮ'ದ ಒತ್ತು ಕೆಳಗಿನ ಸಾಲಿಗೆ ತಗುಲುತ್ತದೆ ಅನ್ನುವುದು ರೂಪಾಳ ತಕರಾರು. 'ಕೆಂಪಿ' ಅಂತಿಟ್ಟರೆ ಚಿಕ್ಕದು, ಚೊಕ್ಕದು, ಕ್ಯೂಟ್ ಕೂಡ. ನನಗೂ ಹಿಡಿಸಿತು. ಸರಿ, ಮುಖಪುಟದಿಂದ ಕೊನೆಯ ಪುಟದವರೆಗೆ ಎಲ್ಲೆಲ್ಲೂ ಕೆಂಪಿ. ಪುಸ್ತಕದ ಹೆಸರೂ 'ಗಟ್ಟಿಗಿತ್ತಿ ಕೆಂಪಿ'.

ಕೆಂಪಮ್ಮ ಹೂಂ ಅಂದರೆ ಮಾತ್ರ ಪ್ರೆಸ್ಸಿಗೆ, ಬೇಡವೆಂದರೆ ಪುಸ್ತಕವೇ ಇಲ್ಲ ಅಂತ ಮೊದಲೇ ಮಾತಾಗಿತ್ತು. ಹಾಗಾಗಿ ಹಾಳೆಗಳನ್ನು ಹಿಡಿದು ಇಬ್ಬರೂ ಹೋಗಿದ್ದೆವು.

ನಡುವಯಸ್ಸಿನಲ್ಲಿ ಅಕ್ಷರ ಕಲಿತವರು ಕೆಂಪಮ್ಮ. ಬೆರಳಿಟ್ಟು ನಿಧಾನವಾಗಿ ಓದುತ್ತಾರೆ. ಮೊದಲ ಪುಟದಲ್ಲಿ ತಮ್ಮ ಮೂಗು ನೋಡಿ ನಕ್ಕರು. ಟೀ ಹೋಟೆಲಿನ ಚಿತ್ರಕ್ಕೆ ತಲೆದೂಗಿದರು. ಆಮೇಲೆ ಬೆರಳು ಒಂದು ಕಡೆ ನಿಂತಿತು. ಹಿಂದಿನ ಪುಟಕ್ಕೆ ಹೋದರು, ಮುಂದಿನದಕ್ಕೆ ಬಂದರು. ಹಾಳೆಗಳನ್ನು ಪಕ್ಕಕ್ಕಿಟ್ಟು, ಕನ್ನಡಕ ತೆಗೆದರು. ರೂಪಾಳ ಮುಖ ಸಣ್ಣಗಾಯಿತು.

"ಎಲ್ಲಾ ಚೆನ್ನಾಗೈತೆ ಮಗ. ನನ್ ಹೆಸ್ರೇ ಇಲ್ವಲ್ಲ?"

ನಾನು ಸಮಜಾಯಿಷಿಗೆ ಇಳಿದೆ. ಪ್ರೀತಿಗೆ ಹಾಗೆ ಮೊಟಕು ಮಾಡಿದ್ದು, ನಮ್ಮ ಮನೆಯಲ್ಲಿ ನನ್ನ ಹೆಸರನ್ನೂ ಅರ್ಧಕ್ಕೇ ಕರೆಯುತ್ತಿದ್ದರು, ಅಂತೆಲ್ಲ. ಹೇಳುತ್ತಿದ್ದಂತೆಯೇ ನಾಲಿಗೆ ತಡವರಿಸಿತು. ನನ್ನನ್ನು ಮೊಟಕು ಮಾಡಿದ್ದು ಮನೆಯೊಳಗೆ, ಅಮ್ಮ ಮತ್ತು ಅಜ್ಜಿ. ಬೀದಿಗಿಳಿದರೆ ನನ್ನ ಹೆಸರಿನ ಕೊನೆಯ 'ಅಪ್ಪ'ನನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಕ್ಕರೆಗೂ ಅಸಡ್ಡೆಗೂ ಕತ್ತರಿ ಒಂದೇ, ಹಿಡಿದ ಕೈ ಬೇರೆ. ಇದು ಹೊಳೆಯಲು ನಾನು ಅಲ್ಲಿಗೆ ಹೋಗಿ ಕೂರಬೇಕಿತ್ತೇ?

ಆಗ ಕೆಂಪಮ್ಮ ಒಂದು ಕಥೆ ಹೇಳಿದರು. ಪುಸ್ತಕಕ್ಕೆಂದು ಅಷ್ಟು ಸಲ ಹೋಗಿ ಕೂತಿದ್ದರೂ ನಮಗೆ ಸಿಗದೇ ಇದ್ದ ಕಥೆ.

ಆಗಿನ್ನೂ ಅವರಿಗೆ ಸಣ್ಣ ವಯಸ್ಸು. ಊರ ಯಜಮಾನರೊಬ್ಬರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುವ ಕೂಲಿ. ಕೇರಿಯ ಹೆಂಗಸರೆಂದರೆ ಕೆಂಪಿ, ಸಾಕಿ, ಮಾರಿ. ಯಜಮಾನರ ಮನೆಯ ಮೊಳಕೈಯುದ್ದದ ಮಕ್ಕಳೂ ಹಾಗೇ ಕೂಗುವುದು. ಒಂದು ದಿನ ಕೆಂಪಮ್ಮ ತೀರ್ಮಾನ ಮಾಡಿದರು: ಪೂರ್ತಿ ಹೆಸರು ಕೂಗದೆ ತಿರುಗುವುದಿಲ್ಲ. ಯಜಮಾನರು ಕೂಗಿದರು, ಇವರು ತಿರುಗಲಿಲ್ಲ. ಬೈದರು, ತಿರುಗಲಿಲ್ಲ. ಪಕ್ಕದ ಸಾಲಿನ ಸಾಕಮ್ಮ, ಮಾರಮ್ಮನೂ ತಿರುಗಲಿಲ್ಲ. ಮಾರನೆಯ ದಿನ ಕೇರಿಯಿಂದ ಒಬ್ಬರೂ ತೋಟಕ್ಕೆ ಹೋಗಲಿಲ್ಲ.

ಯಜಮಾನರ ಮನೆಯಲ್ಲಿ ರೇಷ್ಮೆಹುಳು ಕೊನೆಯ ಜ್ವರದಿಂದ, ಅಂದರೆ ಗೂಡು ಕಟ್ಟುವ ಮುಂಚಿನ ಕೊನೆಯ ಪೊರೆ ಬಿಟ್ಟು, ಎದ್ದಿತ್ತು. ಆ ಹಸಿವು ನಮ್ಮ ಕಡೆಯವರಿಗೆ ಗೊತ್ತು, ಹೊರೆಗಟ್ಟಲೆ ಸೊಪ್ಪು ಸುರಿದರೂ ಸಾಲದು. ಸಂಜೆಯ ಹೊತ್ತಿಗೆ ಯಜಮಾನರ ತಾಯಿಯೇ ಕೇರಿಯ ತುದಿಗೆ ಬಂದು ನಿಂತರಂತೆ.

ಅವರು ಏನಂದರು ಅಂತ ರೂಪಾ ಕೇಳಿದಳು. ಪೆನ್ಸಿಲ್ ಆಗಲೇ ಕೈಯಲ್ಲಿತ್ತು.

"'ಕೆಂಪಮ್ಮಾ, ಹುಳ ಹಸ್ಕೊಂಡವೆ, ಒಸಿ ಬಾರವ್ವ' ಅಂದ್ರು. ಅಮ್ಮನೂ ಕೊಟ್ರು, ಅವ್ವನೂ ಕೊಟ್ರು," ಎಂದು ಕೆಂಪಮ್ಮ ನಕ್ಕರು. ಕಣ್ಣು ಒದ್ದೆಯಾಗಿತ್ತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ಏಟು ಬೀಳಲಿಲ್ಲ, ಕೇಸಾಗಲಿಲ್ಲ, ಅದೇನು ಮಹಾ ಹೋರಾಟ ಅಂದುಕೊಂಡಿದ್ದರಂತೆ. "ಟೀ ಕುಡ್ದಿದ್ದು, ನೀರು ಸೇದಿದ್ದು ಎಲ್ಲಾ ಆಮೇಕಿಂದು ಮಗ. ಮೊದ್ಲು ತಿರುಗ್ದೆ ಇದ್ದಿದ್ದು."

ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು ವಿಚಾರಣೆ ಶುರುವಾಯಿತು. ಗುಳ್ಳೆಯೊಳಗಿನ ಮಾತು ಯಾರದ್ದು? ಚಿತ್ರದಲ್ಲಿರುವವರದ್ದು. ಮೇಲಿನ ಚೌಕದೊಳಗಿನ ಮಾತು? ಅದು ಕಥೆ ಹೇಳುವವರದ್ದು, ಅಂದರೆ ನಮ್ಮದು.

"ಹಂಗಾದ್ರೆ ಅವ್ರ ಗುಳ್ಳೇಲಿ ಕೆಂಪಿ ಅಂತ್ಲೇ ಇರ್ಲಿ. ಅಂದಿದ್ದು ಅಂದಂಗೆ ಬರೀರಿ. ನಿಮ್ ಚೌಕದಲ್ಲಿ ಬ್ಯಾಡ."

ಆ ಕ್ಷಣ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತುಬಿಟ್ಟೆ. ರೂಪಾ ಅಲ್ಲೇ ಹೊಸ ಮೊದಲ ಪುಟ ಬರೆಯತೊಡಗಿದಳು. ಹಿಪ್ಪುನೇರಳೆ ತೋಟದಲ್ಲಿ ಬೆನ್ನು ಮಾಡಿ ನಿಂತ ಹೆಂಗಸರು, ಒಬ್ಬರೂ ತಿರುಗಿಲ್ಲ. ಅದರ ಕೆಳಗೆ, ಕೇರಿಯ ತುದಿಯ ಚಿತ್ರದಲ್ಲಿ, ಯಜಮಾನರ ತಾಯಿಯ ಗುಳ್ಳೆಯನ್ನು ಎಷ್ಟು ಹಿಗ್ಗಿಸಿದಳೆಂದರೆ ಹಿಂದಿನ ಬಂಡೆ ಅರ್ಧ ಮುಚ್ಚಿಹೋಯಿತು. ಮುಚ್ಚಲಿ ಬಿಡಿ, ರಾಮನಗರದಲ್ಲಿ ಬಂಡೆಗೇನು ಬರವೇ?

ಹೊರಡುವ ಮುಂಚೆ ರೂಪಾ, ತಪ್ಪನ್ನು ಬಡ್ಡಿಸಮೇತ ತೀರಿಸುವ ಉಮೇದಿನಲ್ಲಿ, ಮುಖಪುಟದಲ್ಲಿ ಹೆಸರಿಗೆ 'ಶ್ರೀಮತಿ' ಸೇರಿಸಲಾ, 'ಧೀಮಂತ ನಾಯಕಿ' ಅಂತ ಹಾಕಲಾ ಎಂದು ಕೇಳಿದಳು.

"ಅದೆಲ್ಲ ಬ್ಯಾಡ ಕಣವ್ವ. ಇರೋಷ್ಟು ಹೆಸ್ರು ಕೊಡು, ಸಾಕು."

ಇರುವಷ್ಟು ಹೆಸರು. ನಾವು ದಿನಾ ಕೂಗಿ ಕರೆಯುವವರಲ್ಲಿ ಎಷ್ಟು ಮಂದಿಗೆ ಅಷ್ಟನ್ನಾದರೂ ಕೊಡುತ್ತಿದ್ದೇವೆ?