ಅಳಿಯ ಬಿಚ್ಚಿಟ್ಟ ಬಿಳಿ ತುಂಡು

ಲಾಕ್‌ಡೌನಿನಲ್ಲಿ ಗಂಡಸರನ್ನು ಮನೆಯಲ್ಲಿ ಕೂರಿಸಿದರೆ ಅವರು ಸುಮ್ಮನೆ ಕೂರುವುದಿಲ್ಲ. ಮಲೇಶಿಯಾದ ಪೆಟಾಲಿಂಗ್ ಜಯಾದ ಮನೆಯಲ್ಲಿ ನನ್ನ ಅಳಿಯ, ತನಗಿಂತ ಹಳೆಯದಾದ ಕಾರಿನ ಬಾನೆಟ್ ಎತ್ತಿ ಒಳಗೆಲ್ಲ ತಿಕ್ಕಿದ. ಎಂಜಿನ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಹೊಸದು ತರಿಸಿ ಹಾಕಿದ. ಅದರ ಪಕ್ಕದಲ್ಲಿ ಬೆರಳುದ್ದದ ಬಿಳಿ ಪಿಂಗಾಣಿ ತುಂಡೊಂದಿತ್ತು. ಕೊಳಕಾಗಿ ಕಾಣುತ್ತದೆಂದು ಅದನ್ನು ಬಿಚ್ಚಿ, ವೈರನ್ನು ನೇರ ಕಾಯಿಲ್‌ಗೇ ಜೋಡಿಸಿದ. ಗಾಡಿ ಮೊದಲಿಗಿಂತ ಜೋರಾಯಿತು. ಗಲ್ಲಿಯಲ್ಲಿ ಒಂದು ಸುತ್ತು ಹೊಡೆದು ಬಂದು ಮದುಮಗನ ಹಾಗೆ ಇಳಿದ.

ನಮ್ಮವರಿಗೆ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿತ್ತು. ಕರೆದುಕೊಂಡು ಹೋಗುತ್ತಿದ್ದವಳು ಮಗಳು, ತನ್ನ ಕಾರಿನಲ್ಲಿ. ಅವಳು ನರ್ಸ್. ಒಂದು ಸರದಿಯ ದಿನ ಅವಳನ್ನು ಬೆಳಿಗ್ಗೆಯೇ ಡ್ಯೂಟಿಗೆ ಕರೆದರು, ಕಾರು ತೆಗೆದುಕೊಂಡು ಹೋದಳು. ಟ್ಯಾಕ್ಸಿಯವರು ಯಾರೂ ಒಪ್ಪಲಿಲ್ಲ. ಹಿಂದಿನ ಸರದಿ ಬೇರೆ ತಪ್ಪಿತ್ತು. ಇವರ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ಮಾತಾಡಿದರೆ ಏದುಸಿರು. ಇನ್ನೊಂದು ದಿನ ತಡೆಯುವ ಹಾಗಿರಲಿಲ್ಲ. ಹಳೇ ಕಾರಿನಲ್ಲೇ ಹೊರಟೆವು.

ಪೊಲೀಸ್ ತಡೆಯ ಹತ್ತಿರ ಉದ್ದ ಸಾಲು. ಅಲ್ಲಿ ಕಾದು ಕಾದು ಎಂಜಿನ್ ಸತ್ತೇ ಹೋಯಿತು. ಪೊಲೀಸರು ಆಸ್ಪತ್ರೆಯ ಚೀಟಿ ನೋಡಿ, ಕಾರನ್ನು ತಳ್ಳಿ ಬದಿಗೆ ಹಾಕಿಕೊಟ್ಟರು. ಬಾನೆಟ್ ಎತ್ತಿದರೆ ಕಾಯಿಲ್ ದೋಸೆ ಕಾವಲಿಯಂತೆ ಕಾದಿತ್ತು.

"ಅತ್ತೆ, ಮುಟ್ಟಬೇಡಿ!"

"ಸುಮ್ಮನಿರಿ. ಊರಲ್ಲಿ ಟ್ಯಾಕ್ಸಿಯವರು ಮಾಡೋದು ನೋಡಿದ್ದೇನೆ."

ನಮ್ಮವರ ಹೆಗಲ ಮೇಲಿದ್ದ ಬೈರಾಸು ಎಳೆದು, ನೆನೆಸಿ ಹಿಂಡಿ ಕಾಯಿಲ್‌ಗೆ ಸುತ್ತಿದೆ. ಚುಂಯ್ ಎಂದಿತು.

"ಜ್ವರ ನನಗಾ, ಕಾರಿಗಾ?" ಎಂದರು ಅವರು ಹಿಂದಿನ ಸೀಟಿನಿಂದ.

"ಮಾತಾಡಿ ಉಸಿರು ಖರ್ಚು ಮಾಡಬೇಡಿ."

ಅಳಿಯ ಬಗ್ಗಿ ಕಾಯಿಲ್ ಮೇಲಿನ ಅಕ್ಷರ ಓದುತ್ತಿದ್ದ. ಮುಖ ಬಿಳಿಚಿತು.

"ಅತ್ತೆ, ರೆಸಿಸ್ಟರ್ ಇಲ್ಲದೆ ಹಾಕಬಾರದು ಅಂತ ಇದರ ಮೇಲೇ ಬರೆದಿದ್ದಾರೆ. ಆ ಬಿಳಿ ತುಂಡೇ ಅದು. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಇಳಿಸಿ ಕೊಡ್ತಿತ್ತು. ನಾನು ಪೂರ್ತಿ ಕೊಟ್ಟು ಬೇಯಿಸಿಬಿಟ್ಟೆ."

"ನನಗೆ ಇಂಗ್ಲಿಷ್ ಬರೋದಿಲ್ಲ. ನಿಮಗೆ ಬರ್ತದಲ್ಲ?"

ಅವನು ತಲೆಯನ್ನು ಬಾನೆಟ್ಟಿನೊಳಗೆ ಇನ್ನಷ್ಟು ತೂರಿಸಿದ.

"ಆ ತುಂಡನ್ನು ಎಲ್ಲಿ ಬಿಸಾಡಿದ್ರಿ?"

"ಬಿಸಾಡಿಲ್ಲ. ಡಿಕ್ಕಿಯಲ್ಲಿ, ಸ್ಕ್ರೂ ಡಬ್ಬಿಯಲ್ಲಿ ಉಂಟು."

ಪುಣ್ಯಕ್ಕೆ ಇವನು ಏನನ್ನೂ ಎಸೆಯುವವನಲ್ಲ. ರಸ್ತೆಬದಿಯಲ್ಲೇ ತುಂಡನ್ನು ಮೊದಲಿನ ಜಾಗದಲ್ಲಿ ಕೂರಿಸಿದ, ವೈರನ್ನು ಅದರ ಮೂಲಕ ಕಾಯಿಲ್‌ಗೆ ಕೊಟ್ಟ. ಒಂದು ಸ್ಕ್ರೂ ಚರಂಡಿಗೆ ಬಿತ್ತು, ಡಬ್ಬಿಯಲ್ಲಿ ಇನ್ನೊಂದು ಹುಡುಕಿದ. ಕಾಯಿಲ್ ತಣಿಯುವವರೆಗೆ ನಾನು ಇವರ ಬೆನ್ನು ಸವರುತ್ತ ಕೂತೆ. ಬೈಗುಳವೆಲ್ಲ ಬಾಯಲ್ಲೇ ಇಟ್ಟುಕೊಂಡೆ.

ಕೀಲಿ ತಿರುಗಿಸಿದ. ಎಂಜಿನ್ ಎದ್ದಿತು.

ಆಸ್ಪತ್ರೆಯ ಗೇಟಿನಲ್ಲಿ ಜ್ವರ ನೋಡುವವರ ಮುಂದೆ ಮತ್ತೆ ಸಾಲು. ಮೂವರೂ ಎಂಜಿನ್ ಸದ್ದನ್ನೇ ಕೇಳುತ್ತಿದ್ದೆವು. ನಿಲ್ಲಲಿಲ್ಲ. ತಡವಾಯಿತೆಂದು ಒಳಗಿನ ನರ್ಸ್ ಗದರಿದಳು, ಗದರುತ್ತಲೇ ಗಾಲಿಕುರ್ಚಿ ತಂದಳು.

ಮಧ್ಯಾಹ್ನ ಹೊರಗೆ ಬಂದಾಗ ಇವರ ಉಸಿರು ಸರಾಗವಾಗಿತ್ತು. ಮೊದಲ ಮಾತೇ, "ಮಾಮಾಕ್ ಹೋಟೆಲಿಂದ ರೊಟ್ಟಿ ಚನಾಯ್ ತಪಾವ್ ಕಟ್ಟಿಸಿಕೊಳ್ಳೋಣ, ಆ ಬಿಸಿ ಪರೋಟಕ್ಕೇ ಹಸಿವು."

"ಉಪ್ಪಿಲ್ಲದ ಗಂಜಿ ಉಂಟು ಮನೆಯಲ್ಲಿ," ಎಂದೆ. ಹಾಗೆ ಹೇಳಿ, ಅವತ್ತು ಮೊದಲ ಬಾರಿಗೆ ಬೆನ್ನು ಒರಗಿಸಿ ಕೂತೆ.