ಸೌದೆ ಮನೆಯ ಮಿಲ್ಟ್ರಿ ಗಾಡಿ

ಆಕಾಶ ನೋಡಿ ಬಸ್ಸಿನ ಭವಿಷ್ಯ ಹೇಳುತ್ತಿದ್ದ ಕಾಲ ಅದು. ಹೊಸದುರ್ಗದ ಕಡೆ ಮೋಡ ಕಟ್ಟಿತೆಂದರೆ ನಮ್ಮ ಬಾಗೂರಿನ ಜನ ಕೈಚೀಲ ಎತ್ತಿಕೊಂಡು ಮನೆಗೆ ತಿರುಗುತ್ತಿದ್ದರು. ಹಳ್ಳ ಬಂದರೆ ಬಸ್ಸು ಬರುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತಿತ್ತು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ನನಗೆ ಒಂಬತ್ತು ವರ್ಷ. ಆ ವರ್ಷ ಶೇಂಗಾ ಬಿತ್ತನೆ ಮುಗಿಯುವ ಹೊತ್ತಿಗೆ ಅಮ್ಮ ಹೆರಿಗೆಗೆಂದು ತವರಿಗೆ, ಹಿರಿಯೂರಿನ ಹತ್ತಿರದ ಬಬ್ಬೂರಿಗೆ ಹೋದಳು. ಶಾಲೆ ತಪ್ಪುತ್ತದೆಂದು ನನ್ನನ್ನು ಅಪ್ಪ ಮತ್ತು ಅಜ್ಜಿಯ ಬಳಿ ಬಿಟ್ಟಳು. ಶೇಂಗಾ ಹೂ ಬಿಟ್ಟಿತು, ಕಾಯಿ ಕಟ್ಟಿತು, ಅಮ್ಮ ಬರಲಿಲ್ಲ. ಆ ದಿನಗಳೆಲ್ಲ ನನ್ನ ನೆನಪಿನಲ್ಲಿ ಸೀಮೆಎಣ್ಣೆಯ ವಾಸನೆಯಾಗಿ ಉಳಿದಿವೆ.

ಅಪ್ಪ ಸರ್ಕಾರಿ ದನದಾಸ್ಪತ್ರೆಯ ನೌಕರ. ಸುತ್ತಲಿನ ಹಟ್ಟಿಗಳಿಗೆ ಹೋಗಿ ಕುರಿಗಳಿಗೆ ಸೂಜಿ ಹಾಕಿ ಬರುವುದು ಅವನ ಕೆಲಸ. ಜನ ಅವನನ್ನು ‘ಸೂಜಿ ಮಾಸ್ತರು’ ಎನ್ನುತ್ತಿದ್ದರು. ಮಳೆಗಾಲವೆಂದರೆ ಕುರಿಗಳಿಗೆ ಕರುಳುಬೇನೆಯ ಕಾಲ. ಸೈಕಲ್ಲಿನ ಹಿಂದೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ನಸುಕಿಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಬಬ್ಬೂರಿಗೆ ಹೋಗಬೇಕಾದರೆ ಎರಡು ಕಡೆ ಬಸ್ಸು ಬದಲಿಸಬೇಕು, ಹೋದ ದಿನವೇ ವಾಪಸಾಗುವ ಮಾತಿಲ್ಲ. ಮಗು ಹುಟ್ಟಿದ ಸುದ್ದಿ ಬಂದಾಗ ಅಪ್ಪ ಒಬ್ಬನೇ ಹೋಗಿ ಒಂದು ರಾತ್ರಿ ಉಳಿದು ಬಂದ. ಅದೇ ರಾತ್ರಿ ಒಂದು ಹಟ್ಟಿಯಲ್ಲಿ ಸಾಲಾಗಿ ಕುರಿಗಳು ಸತ್ತವು. ಯಾರೂ ಅವನನ್ನು ಏನೂ ಅನ್ನಲಿಲ್ಲ. ಆದರೆ ಆ ಮಳೆಗಾಲದಲ್ಲಿ ಅವನು ಮತ್ತೆ ಊರು ಬಿಟ್ಟು ರಾತ್ರಿ ಕಳೆಯಲಿಲ್ಲ.

ಬರುವಾಗ ಅಮ್ಮ ಕೊಟ್ಟಿದ್ದ ಅಂಟಿನುಂಡೆ ತಂದಿದ್ದ. ಒಣಕೊಬ್ಬರಿ, ಮೆಂತ್ಯದ ಘಮ ಇಡೀ ಪಡಸಾಲೆಗೆ ಹರಡಿತು. ನಾನು ಉಂಡೆ ಹಿಡಿದುಕೊಂಡೇ ಕೇಳಿದೆ.

“ಪಾಪು ಹೆಂಗೈತೆ?”

“ಐತೆ. ಕೆಂಪಗೈತೆ. ನಿನಗೊಬ್ಳು ತಂಗಿ.”

“ಅಮ್ಮ ನನ್ನ ಕೇಳಿದ್ಲಾ?”

“ಕೇಳ್ದೆ ಇರ್ತಾಳಾ?”

“ಏನಂತ ಕೇಳಿದ್ಲು?”

ಅಪ್ಪ ಯೋಚಿಸಿದ. ಇನ್ನೊಬ್ಬರ ಮಾತನ್ನು ಅವರಂತೆಯೇ ಆಡಿ ತೋರಿಸುವ ಕಲೆ ಅವನಿಗಿರಲಿಲ್ಲ. “ಗಿರಿಜಾ ಹೆಂಗವಳೆ ಅಂದ್ಲು,” ಎಂದ.

ಅಮ್ಮ ನನ್ನನ್ನು ಎಂದೂ ಗಿರಿಜಾ ಎನ್ನುತ್ತಿರಲಿಲ್ಲ, ಗಿರ್ಜೀ ಎನ್ನುತ್ತಿದ್ದಳು. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆಯುತ್ತಿದ್ದಳು ಎಂಬುದು ಗೊತ್ತಿತ್ತು. ಆ ಎಳೆತ ಹೇಗಿತ್ತು ಎಂದು ಅಂದು ಮಲಗಿಕೊಂಡು ನೆನೆಸಿಕೊಂಡರೆ ಬರಲಿಲ್ಲ. ಮುಖ ಬಂತು, ಮೂಗುಬೊಟ್ಟು ಬಂತು, ಧ್ವನಿ ಮಾತ್ರ ಬರಲಿಲ್ಲ. ಬೆಳಗ್ಗೆ ಎದ್ದು ಅಪ್ಪನಿಗೆ ಅದನ್ನೇ ಹೇಳಿದೆ. “ಅಮ್ಮನ ದನಿ ಮರ್ತೋಗೈತೆ ಅಪ್ಪ.”

ಅವನು ಹಲ್ಲುಜ್ಜುತ್ತಲೇ ಹಿತ್ತಿಲ ಸೌದೆ ಮನೆಯತ್ತ ನೋಡಿದ.

ಸೌದೆ ಮನೆಯಲ್ಲಿ ಅಜ್ಜನ ಮೋಟಾರ್ ಸೈಕಲ್ ಇತ್ತು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಎತ್ತರದ ಮೈ, ಹಾರೆಯಂಥ ಹ್ಯಾಂಡಲ್ಲು, ದಪ್ಪ ಹಲ್ಲಿನ ಚಕ್ರ. ಕಲ್ಲು, ಮರಳು, ಉತ್ತ ಹೊಲ ಯಾವುದಕ್ಕೂ ಅದು ಅಂಜುತ್ತಿರಲಿಲ್ಲ ಎಂದು ಊರವರು ಹೇಳುತ್ತಿದ್ದರು. ಅಜ್ಜ ತೀರಿಕೊಂಡ ಮೇಲೆ ಒಳಗೆ ನಿಂತದ್ದು ಹೊರಗೆ ಬಂದಿರಲಿಲ್ಲ. ಮೇಲೆ ಸೌದೆ ಪೇರಿಸಿತ್ತು. ಸೀಟು ಇದ್ದ ಜಾಗದಲ್ಲಿ ನಮ್ಮ ಕೆಂಪು ಹೇಂಟೆ ಮೊಟ್ಟೆ ಇಡುತ್ತಿತ್ತು.

ಆ ಭಾನುವಾರ ಅಪ್ಪ ಸೌದೆಯನ್ನೆಲ್ಲ ಹೊರಗೆ ಹಾಕಿದ. “ಗಾಡಿ ಎದ್ದ ದಿನ ಹೋಗಾಣ,” ಎಂದ. “ಬೆಳಗ್ಗೆ ಹೋಗಿ ಸಂಜಿಕೆ ಬರಾಣ.”

ಗಾಡಿ ಪೂರ್ತಿಯಾಗಿರಲಿಲ್ಲ. ಅದರ ಅರ್ಧ ಭಾಗ ಅಜ್ಜಿಯ ಸಂಸಾರದಲ್ಲಿ ಸೇರಿಹೋಗಿತ್ತು. ಮುಂದಿನ ದೀಪದ ಬುರುಡೆ ಕೋಳಿಗಳಿಗೆ ನೀರಿಡುವ ಬಟ್ಟಲು. ರಿಪೇರಿ ಸಾಮಾನಿನ ಡಬ್ಬಿಯಲ್ಲಿ ಎಲೆ ಅಡಿಕೆ. ಹಿಂದಿನ ಚಕ್ರದ ಚೈನು ನಡುಮನೆಯ ತೊಲೆಯಿಂದ ಇಳಿಬಿದ್ದಿತ್ತು, ನನ್ನ ತೊಟ್ಟಿಲು ಕಟ್ಟಿದ್ದು ಅದಕ್ಕೇ. ಬುರುಡೆ, ಡಬ್ಬಿಗಳನ್ನು ಅಜ್ಜಿ ಗೊಣಗಿಕೊಂಡು ಕೊಟ್ಟಳು. ಚೈನಿಗೆ ಅಪ್ಪ ಏಣಿ ಇಟ್ಟಾಗ ಏಣಿಯ ಬುಡದಲ್ಲೇ ಕೂತಳು.

“ಇಳಿಯಲೇ ಕೆಳಗೆ. ನಾಳೆ ಕೂಸು ಬಂದ್ರೆ ತೊಟ್ಲು ಎದಕ್ ಕಟ್ಟಾಣ? ನಿನ್ನ ಕೊರಳಿಗಾ?”

“ಕೂಸು ಬರಾದು ಇನ್ನಾ ಸಂಕ್ರಾಂತಿಗೆ ಕಣವ್ವ. ಅಷ್ಟ್ರಾಗೆ ಹಗ್ಗ ತರ್ತೀನಿ.”

“ಹಗ್ಗ ಸವೀತೈತೆ. ಇದು ನಿಮ್ಮಪ್ಪನ ಕಬ್ಬಿಣ. ಇವಳು ಬೆಳೆದಿದ್ದೇ ಇದ್ರ ಮ್ಯಾಲೆ.”

“ಇವಳೇ ಈಗ ಅವರಮ್ಮನ್ನ ನೋಡ್ಬೇಕು ಅಂತವಳೆ. ಏನ್ ಮಾಡಾಣ ಹೇಳು.”

ಅಜ್ಜಿ ನನ್ನ ಮುಖ ನೋಡಿದಳು. ಎದ್ದು ಸೀರೆ ಕೊಡವಿಕೊಂಡಳು. “ಬಿಚ್ಚು, ಬಿಚ್ಚು. ತೊಲೆ ಮುರೀಬ್ಯಾಡ.”

ಕೆಲಸ ಭಾನುವಾರ ಮತ್ತು ಸಂಜೆಗಳಲ್ಲಿ ನಡೆಯುತ್ತಿತ್ತು. ಅಪ್ಪನದೊಂದು ಕ್ರಮವಿತ್ತು. ಹಳೆಯ ಪಂಚೆಯೊಂದನ್ನು ನೆಲಕ್ಕೆ ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಸಾಲಿನಲ್ಲೇ ಇಡುತ್ತಿದ್ದ. ಎಡಗಡೆಯಿಂದ ಜೋಡಿಸಿಟ್ಟದ್ದು ಬಲಗಡೆಯಿಂದ ವಾಪಸು ಒಳಗೆ ಹೋಗಬೇಕು. ಆ ಪಂಚೆಯ ಕಾವಲು ನನ್ನದು. ತುಕ್ಕು ಹಿಡಿದ ನಟ್ಟುಗಳನ್ನು ಸೀಮೆಎಣ್ಣೆಯ ತಟ್ಟೆಯಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ಹರಳೆಣ್ಣೆ ಸವರಿ ತಮ್ಮ ತಮ್ಮ ಜಾಗಕ್ಕೆ ಇಡುತ್ತಿದ್ದೆ. ಅಪ್ಪ ಮಾತಿಲ್ಲದೆ ಕೈ ಚಾಚಿದರೆ ಯಾವುದು ಬೇಕೆಂದು ಗೊತ್ತಾಗುವಷ್ಟು ಆ ಸಾಲು ನನಗೆ ಬಾಯಿಪಾಠವಾಗಿತ್ತು. ಗೆಳತಿಯರು ಕುಂಟೆಬಿಲ್ಲೆಗೆ ಕರೆದರೆ ಹೋಗುತ್ತಿರಲಿಲ್ಲ. ನಾನು ಎದ್ದರೆ ಕೋಳಿ ಬಂದು ನಟ್ಟು ಕುಕ್ಕುತ್ತಿತ್ತು.

ಇಂಜಿನ್ನಿನ ಒಳಗೆ ತನಗೆ ತಿಳಿಯದ್ದನ್ನು ಅಪ್ಪ ಬಟ್ಟೆಯಲ್ಲಿ ಸುತ್ತಿಕೊಂಡು ಹೊಸದುರ್ಗದ ಬಾಷಾ ಮೇಸ್ತ್ರಿಯ ಹತ್ತಿರ ಒಯ್ಯುತ್ತಿದ್ದ. ಒಮ್ಮೆ ನಾನೂ ಹೋಗಿದ್ದೆ. ಬಾಷಾ ಸಾಬರು ಪಿಸ್ಟನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ, “ಮಾಲು ಗಟ್ಟಿ ಐತೆ ಮಾಸ್ತ್ರೇ. ರಿಂಗು ಹಾಕಿ ಕೊಡ್ತೀನಿ. ಆದ್ರೆ ಇದು ಮುದುಕ. ಜೋರು ಮಾಡಿದ್ರೆ ಏಳಲ್ಲ, ಪ್ಯಾರ್ ಮಾಡ್ಬೇಕು,” ಎಂದರು. ಅಪ್ಪನ ಕಿವಿ ಕೆಂಪಾಯಿತು. ಆ ಪದ ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಸೀಟಿಗೆ ಹೊದಿಕೆ ಕೊಟ್ಟದ್ದು ಕರಿಯಣ್ಣ, ಕುರಿಗಳು ಸತ್ತ ಹಟ್ಟಿಯ ಯಜಮಾನ. ಒಂದು ಸಂಜೆ ಹಸಿ ಶೇಂಗಾ ಬಳ್ಳಿಯ ಹೊರೆ ಹೊತ್ತು ಬಂದವನು ಸೌದೆ ಮನೆಯ ಬಾಗಿಲಲ್ಲಿ ನಿಂತು ನಕ್ಕ.

“ಏನ್ ಮಾಸ್ತ್ರೇ, ಇದು ಏಳಾದು ಒಂದೇ, ನಮ್ಮ ಸತ್ತ ಟಗರು ಏಳಾದು ಒಂದೇ.”

ಅಪ್ಪ ತಲೆ ಎತ್ತಲಿಲ್ಲ. “ಬಾ ಕರಿಯಣ್ಣ, ಕುಂತ್ಕ.”

“ಕುಂತ್ಕಳಾಕೆ ಏನೈತಿಲ್ಲಿ? ಸೀಟೂ ಇಲ್ಲ.” ಹೆಗಲ ಮೇಲಿನ ಹಳೆಯ ಕಂಬಳಿ ತೆಗೆದು ಗಾಡಿಯ ಮೇಲೆ ಹಾಕಿದ. “ಮಡಿಸಿ ಹೊಲೀರಿ. ಮಗೀಗೆ ಒತ್ತಬಾರ್ದು. ನೀವು ಅವತ್ತು ಇದ್ದಿದ್ರೂ ಹೋಗಾ ಕುರಿ ಹೋಗ್ತಿದ್ವು. ಎಷ್ಟು ದಿನ ಅಂತ ಮಕ ಸಣ್ಣ ಮಾಡ್ಕಂತೀರಿ? ಹೋಗಿ ಬರ್ರಿ ಮನೆಯವರ್ನ ನೋಡ್ಕಂಡು.”

ಆ ರಾತ್ರಿ ಶೇಂಗಾ ಕುದಿಯುವ ಉಪ್ಪು ವಾಸನೆಯ ನಡುವೆ ಅಪ್ಪ ದಬ್ಬಣ ಹಿಡಿದು ಕಂಬಳಿ ಹೊಲಿದ. ಅವನು ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದುದನ್ನು ನಾನು ಕೇಳಿದ್ದು ಅಂದೇ ಮೊದಲು.

ನವರಾತ್ರಿಯ ನಡುವೆ ಒಂದು ಸಂಜೆ ಗಾಡಿ ಎದ್ದಿತು. ಅಪ್ಪ ಒದ್ದ, ಒದ್ದ, ಬೆವರು ಒರೆಸಿಕೊಂಡು ಮತ್ತೆ ಒದ್ದ. ಹೊಗೆ ಕೊಳವೆಯಿಂದ ಮದ್ದು ಸಿಡಿದಂಥ ಸದ್ದು ಬಂತು. ಕೋಳಿಗಳೆಲ್ಲ ಹಂಚಿನ ಮೇಲೆ ಹಾರಿದವು. “ಗ್ವಾಡೆ ಬಿತ್ತೇನ್ರೋ!” ಎಂದು ಅಜ್ಜಿ ಒಳಗಿನಿಂದ ಓಡಿ ಬಂದಳು. ಗೋಡೆ ಇತ್ತು, ಗಾಡಿ ನಡುಗುತ್ತ ನಿಂತು ಡಬಡಬ ಎನ್ನುತ್ತಿತ್ತು, ಅದರ ಪಕ್ಕ ಅಪ್ಪ ಮುಖದ ತುಂಬ ಮಸಿ ಬಳಿದುಕೊಂಡು ನಿಂತಿದ್ದ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಸದ್ದು ಅವಳಿಗೆ ಯಾರನ್ನು ನೆನಪಿಸಿತೆಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ.

ಆಯುಧಪೂಜೆಯ ದಿನ ಗಾಡಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದೆವು. ಮಾರನೆಯ ದಿನ ವಿಜಯದಶಮಿ, ಕಚೇರಿಗೆ ರಜೆ. ಬೆಳಗ್ಗೆ ಅಪ್ಪ ಪೆಟ್ರೋಲ್ ತುಂಬಿಸಿ, ಬಟ್ಟೆ ಬದಲಿಸಲು ಒಳಗೆ ಬಂದ. ನಾನು ಜಡೆ ಹಾಕಿಸಿಕೊಂಡು ಹೂವಿಗೆ ಕಾಯುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ಆರತಿ ತಟ್ಟೆ ಹಿಡಿದು ಒಬ್ಬಳೇ ಸೌದೆ ಮನೆಗೆ ಹೋಗಿ ಬಂದಳು. ಅಮ್ಮನಿಗೆಂದು ಹೋಳಿಗೆ ತುಂಬಿದ ಡಬ್ಬಿಯನ್ನು ನನ್ನ ಮಡಿಲಲ್ಲಿ ಇಟ್ಟಳು. ಹೊರಟೆವು.

ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿ ಕೂತಿದ್ದೆ. ಹೊಸದುರ್ಗ ದಾಟಿತು. ಸಜ್ಜೆ ಹೊಲಗಳು, ಜಾಲಿ ಮರಗಳು, ಗುಡ್ಡದ ಸಾಲಿನಲ್ಲಿ ನಿಂತ ಬಂಡೆಗಳು ಹಿಂದಕ್ಕೆ ಹೋದವು. ಮಾರಿಕಣಿವೆ ಅಣೆಕಟ್ಟಿನ ನೀರು ದೂರದಲ್ಲಿ ಹೊಳೆದದ್ದು ನೆನಪಿದೆ. ಅದಾದ ಸ್ವಲ್ಪ ಹೊತ್ತಿಗೆ ಗಾಡಿ ಕೆಮ್ಮಿತು. ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು.

ಅಪ್ಪ ಪ್ಲಗ್ ಬಿಚ್ಚಿ ಉಜ್ಜಿ ಹಾಕಿದ. ಒದ್ದ. ಏಳಲಿಲ್ಲ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ನೆರಳು ಗಿಡದ ಬುಡಕ್ಕೆ ಸರಿದಿತ್ತು. ಇನ್ನು ತಡವಾದರೆ ಇಲ್ಲಿಂದಲೇ ಹಿಂದಕ್ಕೆ ತಳ್ಳಿಕೊಂಡು ಹೋಗಬೇಕು ಎಂದು ಅವನು ಹೇಳಲಿಲ್ಲ, ಆದರೆ ಬಂದ ದಾರಿಯತ್ತ ನೋಡಿದ. ನನಗೆ ಅಳು ಬಂತು.

“ಅಳಬ್ಯಾಡ. ಬಾ ಇಲ್ಲಿ, ಕೆಲ್ಸ ಐತೆ.”

ಪೆಟ್ರೋಲ್ ಕೊಳವೆ ಕಿತ್ತು ನೋಡಿದರೆ ಒಂದು ಹನಿಯೂ ಇಳಿಯುತ್ತಿರಲಿಲ್ಲ. ಟ್ಯಾಂಕು ಅಲುಗಿಸಿದರೆ ಒಳಗೆ ಕುಲುಕಾಡುವ ಸದ್ದು ಇತ್ತು. ಅಪ್ಪ ತಳದ ನಲ್ಲಿಯನ್ನೇ ತಿರುಗಿಸಿ ಬಿಚ್ಚಿದ. ಆ ತೂತಿಗೆ ಬೆರಳು ಒತ್ತಿ ಹಿಡಿಯುವುದು ನನ್ನ ಪಾಲಿಗೆ ಬಂತು. ತಣ್ಣನೆಯ ಪೆಟ್ರೋಲ್ ಮೊಣಕೈವರೆಗೆ ಇಳಿಯಿತು. ಅಪ್ಪ ನಲ್ಲಿಯನ್ನು ಅಂಗೈ ಮೇಲೆ ತಟ್ಟಿದ, ನನ್ನ ಹೇರ್‌ಪಿನ್ ಕೇಳಿ ಅದರ ತೂತಿಗೆ ಚುಚ್ಚಿದ. ಒಂದು ಅಕ್ಕಿಕಾಳು ಹೊರಗೆ ಬಂತು. ಅರಿಶಿನ ಹಚ್ಚಿದ ಅಕ್ಕಿ.

ಇಬ್ಬರೂ ಅದನ್ನೇ ನೋಡಿದೆವು. ಅಪ್ಪ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿದ.

“ನಿಮ್ಮಜ್ಜಿ!” ಎಂದವನೇ ರಸ್ತೆಯ ಮೇಲೆ ಕೂತು ನಕ್ಕ. ಅಷ್ಟು ದೊಡ್ಡ ನಗು ಅವನೊಳಗೆ ಇತ್ತೆಂದು ನನಗೆ ತಿಳಿದಿರಲಿಲ್ಲ.

ಹೋಳಿಗೆಯನ್ನು ಅಪ್ಪನ ಟವೆಲಿನ ಒಂದು ಚುಂಗಿನಲ್ಲಿ ಗಂಟು ಹಾಕಿ, ಇನ್ನೊಂದು ಚುಂಗನ್ನು ಖಾಲಿ ಡಬ್ಬಿಯ ಬಾಯಿಗೆ ಕಟ್ಟಿ, ಪೆಟ್ರೋಲನ್ನು ಸ್ವಲ್ಪ ಸ್ವಲ್ಪವಾಗಿ ಸೋಸಿ ತುಂಬಿದೆವು. ಬಟ್ಟೆಯ ಮೇಲೆ ಒಂದು ಹಿಡಿಯಷ್ಟು ಹಳದಿ ಅಕ್ಕಿ ಉಳಿಯಿತು. ನಾನು ಅದನ್ನು ಬೇಲಿಗೆ ಕೊಡವಲು ಹೋದೆ. ಅಪ್ಪ ಕೈ ಹಿಡಿದ.

“ಅಕ್ಷತೆ ಅದು. ನೆಲಕ್ಕೆ ಹಾಕ್ಬಾರ್ದು.”

ಒಂದು ಗಳಿಗೆ ಏನು ಮಾಡಬೇಕೆಂದು ತೋಚದೆ ನಿಂತ. ಆಮೇಲೆ ಆ ಅಕ್ಕಿಯನ್ನು ನನ್ನ ತಲೆಯ ಮೇಲೆ ಹಾಕಿ, ಅಂಗೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟ.

ನಲ್ಲಿ ಜೋಡಿಸಿ, ಸೋಸಿದ ಪೆಟ್ರೋಲ್ ಮತ್ತೆ ಟ್ಯಾಂಕಿಗೆ ಹಾಕಿ ಒದ್ದರೆ ಗಾಡಿ ಎದ್ದಿತು. ಬಬ್ಬೂರಿನಲ್ಲಿ ಗಾಡಿಯ ಸದ್ದಿಗೆ ಮನೆಯವರೆಲ್ಲ ಹೊರಗೆ ಬಂದಿದ್ದರು. ಅಮ್ಮ ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲ ಒಳಗೆ ನಿಂತಿದ್ದಳು. ಇಷ್ಟು ದಿನ ಕಾದಿದ್ದ ನಾನು ಓಡಿ ಹೋಗದೆ ಗಾಡಿಯ ಪಕ್ಕವೇ ನಿಂತೆ.

“ಗಿರ್ಜೀ...”

ಅದೇ. ಕೊನೆಯಲ್ಲಿ ಸ್ವಲ್ಪ ಎಳೆದು, ಎಳೆದದ್ದನ್ನು ಮೇಲಕ್ಕೆ ಎತ್ತಿ ಬಿಡುವುದು. ಮರೆತಿರಲಿಲ್ಲ, ಎಲ್ಲೋ ಸಿಕ್ಕಿಕೊಂಡಿತ್ತು. ಓಡಿ ಹೋಗಿ ಅವಳನ್ನು ತಬ್ಬಿದೆ. ಸಾಂಬ್ರಾಣಿ ಹೊಗೆ, ಹಾಲು, ಬಜೆಯ ವಾಸನೆ. ಅಮ್ಮ ನನ್ನ ತಲೆ ಮೂಸಿ ಮುಖ ಕಿವುಚಿದಳು.

“ಏನೇ ಇದು, ತಲೆ ತುಂಬ ಪೆಟ್ರೋಲು! ಅಕ್ಕಿ ಬೇರೆ ಐತೆ!”

“ನಿಮ್ಮತ್ತೆ ಆಶೀರ್ವಾದ,” ಎಂದ ಅಪ್ಪ. “ದಾರಿಗೆ ಅಡ್ಡ ಬಂದಿತ್ತು.”

ಹೋಳಿಗೆಗೂ ಆ ವಾಸನೆ ಹತ್ತಿತ್ತು. ಅಮ್ಮ ಬೇಡವೆನ್ನದೆ ತಿಂದಳು. ಸಂಜೆ ಊರಿಗೆ ಮರಳಿದಾಗ ಅಪ್ಪ ಅಜ್ಜಿಯನ್ನು ಅಕ್ಕಿಯ ಬಗ್ಗೆ ಕೇಳಿದ. ಅವಳು ಅವನನ್ನೇ ತಿಳಿಗೇಡಿಯಂತೆ ನೋಡಿದಳು.

“ತವರಿಗೆ ಹೊಂಟ ಗಾಡಿ ಕಣಲೇ. ಮಡಿಲಕ್ಕಿ ಹಾಕ್ದೆ ಬರೀ ಹೊಟ್ಟೇಲಿ ಕಳುಸ್ತಾರಾ? ಅದುಕ್ಕೆ ಮಡ್ಲು ಎಲ್ಲೈತೆ? ಬಾಯಿ ಇತ್ತು, ಹಾಕ್ದೆ.”

ಆ ಮೇಲೆ ಸಂಕ್ರಾಂತಿಯವರೆಗೆ ಹಲವು ಸಲ ಬಬ್ಬೂರಿಗೆ ಹೋಗಿ ಬಂದೆವು. ಪ್ರತಿ ಸಲವೂ ಹೊರಡುವ ಮುಂಚೆ ಅಪ್ಪ ಟ್ಯಾಂಕಿನ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಅಜ್ಜಿಗೆ ನಮಸ್ಕಾರ ಮಾಡುತ್ತಿದ್ದ. ತಂಗಿಯ ತೊಟ್ಟಿಲು ಹಗ್ಗದಲ್ಲೇ ತೂಗಿತು. ಗಾಡಿ ಕೆಲವು ವರ್ಷ ಹಟ್ಟಿಗಳಿಗೆ ಓಡಿತು. ಭಾನುವಾರದ ಸೀಮೆಎಣ್ಣೆ ತಟ್ಟೆ, ಹರಳೆಣ್ಣೆ, ಹಾಸಿದ ಪಂಚೆ ನನ್ನ ಹೈಸ್ಕೂಲು ಮುಗಿಯುವವರೆಗೂ ಇದ್ದವು. ಆಮೇಲೆ ಅದಕ್ಕೆ ಸಾಮಾನು ಸಿಗದಾಯಿತು, ಬಾಷಾ ಸಾಬರೂ ಇಲ್ಲವಾದರು. ನಾನು ಪತ್ರಿಕೆಯ ಕೆಲಸಕ್ಕೆ ಸೇರಿ ಚಿತ್ರದುರ್ಗದಲ್ಲಿದ್ದಾಗ ಗಾಡಿ ಗುಜರಿಗೆ ಹೋಯಿತೆಂದು ತಿಳಿಯಿತು. ಸೌದೆ ಮನೆ ಈಗಿಲ್ಲ. ಆ ಜಾಗದಲ್ಲಿ ನೀರಿನ ತೊಟ್ಟಿ ಇದೆ.

ಕೇಳಿದ್ದನ್ನು ಇನ್ನೊಬ್ಬರಲ್ಲಿ ಖಚಿತಪಡಿಸಿಕೊಳ್ಳದೆ ಬರೆಯಬಾರದು ಎಂಬುದು ನಾನು ಕಲಿತ ಕಸುಬಿನ ಮೊದಲ ಪಾಠ. ಗಾಡಿ ನಿಂತದ್ದು ಮಾರಿಕಣಿವೆಯ ಈಚೆಗೋ ಆಚೆಗೋ, ಅಪ್ಪ ಸಿಳ್ಳೆಯಲ್ಲಿ ಯಾವ ಹಾಡು ಹೇಳಿದ, ಕರಿಯಣ್ಣನ ಕಂಬಳಿ ಕಡೆಗೆ ಏನಾಯಿತು, ಇವನ್ನೆಲ್ಲ ಕೇಳಬಹುದಾದ ಅಜ್ಜಿ, ಅಪ್ಪ, ಅಮ್ಮ ಒಬ್ಬೊಬ್ಬರಾಗಿ ಹೋದರು. ಅಂದು ತೊಟ್ಟಿಲಲ್ಲಿದ್ದ ತಂಗಿ ನನ್ನನ್ನೇ ಕೇಳುತ್ತಾಳೆ.

ಈಚೆಗೆ ಅವಳೊಂದಿಗೆ ಕಾರಿನಲ್ಲಿ ಬಬ್ಬೂರಿನ ದಾರಿಯಲ್ಲಿ ಹೋದೆ. ರಸ್ತೆ ನುಣ್ಣಗಿತ್ತು, ಎಲ್ಲಿಯೂ ನಿಲ್ಲಬೇಕಾಗಲಿಲ್ಲ. ತಂಗಿ ಕೇಳಿದಳು, “ಅಮ್ಮ ನಿನ್ನ ಹೆಂಗ್ ಕರೀತಿದ್ಲು ಅಕ್ಕ, ಒಂದ್ಸಲ ಕರಿ.” ಬಾಯಿ ತೆರೆದೆ. ಮುಖ ಬಂತು, ಮೂಗುಬೊಟ್ಟು ಬಂತು. ಕಿಟಕಿಯಾಚೆ ಮಾರಿಕಣಿವೆಯ ನೀರು ಹೊಳೆಯುತ್ತಿತ್ತು. ಹಿಂದೊಮ್ಮೆ ಹೀಗೆ ಧ್ವನಿ ತಪ್ಪಿಹೋದಾಗ ಬಿಚ್ಚಿ ಜೋಡಿಸಲು ನಮ್ಮ ಸೌದೆ ಮನೆಯಲ್ಲಿ ಒಂದು ಗಾಡಿ ಇತ್ತು.