ಊರಿಗಿಂತ ಉದ್ದದ ಗೂಡ್ಸು

ಊರಿಗಿಂತ ಉದ್ದವಾದ ರೈಲನ್ನು ಕಟ್ಟಿಕೊಂಡು ಹೇಗೆ ಬಾಳುವುದು, ಹೇಳಿ? ಕೆನಡಾದ ಈ ಊರಿಗೆ ಬಂದ ಮೊದಲ ದಿನ ಕೆಲಸಕ್ಕೆ ಹೊರಟರೆ, ಗೋಧಿ ತುಂಬಿದ ಗೂಡ್ಸು ಎದುರಿಗೆ ನಿಂತಿತ್ತು. ತಲೆಯೂ ಕಾಣದು, ಬಾಲವೂ ಕಾಣದು. ಊರಿಗಿರುವ ಒಂದೇ ರೈಲ್ವೆ ಗೇಟಿಗೆ ಅಡ್ಡವಾಗಿ, ತನ್ನ ತವರುಮನೆಯ ಅಂಗಳವೆಂಬಂತೆ ಮುಕ್ಕಾಲು ಗಂಟೆ ನಿಂತಿತು.

ಈ ಸೀಮೆಗೆ ಪ್ರೇರಿ ಎನ್ನುತ್ತಾರೆ. ನಮ್ಮ ಕೊಪ್ಪಳದ ಅಳವಂಡಿ ಕಡೆಯ ಎರೆಹೊಲದ ಹಾಗೆ ಕಣ್ಣು ಹಾಯಿಸಿದಷ್ಟೂ ಬಯಲು. ಆದರೆ ನೆರಳಿಗೊಂದು ಬೇವಿನ ಮರವಿಲ್ಲ. ಎಲಿವೇಟರ್ ಎಂದರೆ ಇಲ್ಲಿ ಲಿಫ್ಟಲ್ಲ, ಹಳಿಯ ಪಕ್ಕದಲ್ಲಿ ಗೋಧಿ ತುಂಬಿಡುವ ಎತ್ತರದ ಕಣಜ. ಊರು ಹುಟ್ಟಿದ್ದೇ ರೈಲಿಗಾಗಿ. ಇಷ್ಟಾಗಿಯೂ ಮನುಷ್ಯರು ಹತ್ತುವ ರೈಲು ಒಂದೂ ನಿಲ್ಲುವುದಿಲ್ಲ! ಕೊಪ್ಪಳದ ಸ್ಟೇಷನ್ನಿಗೆ ಹೋದರೆ ಹುಬ್ಬಳ್ಳಿಗಾದರೂ ಹೋಗಬಹುದು. ಇಲ್ಲಿಯ ಹಳೆ ಸ್ಟೇಷನ್ನಿನಲ್ಲಿ ಮ್ಯೂಸಿಯಂ ಮಾಡಿದ್ದಾರೆ, ಅದಕ್ಕೂ ಬೀಗ.

ನಾನು ಇಲ್ಲಿನ ವೃದ್ಧಾಶ್ರಮದಲ್ಲಿ ನರ್ಸು. ಮೂರು ತಿಂಗಳು ನೋಡುತ್ತಾರೆ. ಆಮೇಲೆ ಕೆಲಸ ಕಾಯಂ ಆದರೆ ಗಂಡನನ್ನೂ ಏಳು ವರ್ಷದ ಮಗಳನ್ನೂ ಕರೆಸಿಕೊಳ್ಳಬಹುದು. ಇಬ್ಬರೂ ಕೊಪ್ಪಳದಲ್ಲಿ ನಮ್ಮವ್ವನ ಜೊತೆ ಇದ್ದಾರೆ. ಅಗ್ಗವೆಂದು ಹಳಿಯ ಈಚೆ ಮನೆ ಹಿಡಿದೆ; ಆಶ್ರಮ ಆಚೆ. ಯಾಕೆ ಅಗ್ಗವೆಂದು ಮನೆಯ ಮಾಲೀಕರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೂಡ್ಸಿನ ದೆಸೆಯಿಂದ ಎರಡು ಸಲ ತಡವಾಯಿತು. ಮೇಲ್ವಿಚಾರಕಿ ಲಿಂಡಾ ಏನೂ ಅನ್ನಲಿಲ್ಲ. ಅದೇ ನನಗೆ ಭಯ. ನಮ್ಮ ಕಡೆ ಸಾಹೇಬರು ಸುಮ್ಮನಿದ್ದರೆ ಒಳಗೆ ನೋಟೀಸು ತಯಾರಾಗುತ್ತಿದೆ ಎಂದೇ ಅರ್ಥ.

ಮೂರನೇ ಸಲ ಗೂಡ್ಸು ಅಡ್ಡ ನಿಂತಾಗ ತಲೆ ಕೆಟ್ಟಿತು. ಕಾರಿನವರೆಲ್ಲ ಇಂಜಿನ್ ಆರಿಸಿ ಕಾಫಿ ಕುಡಿಯುತ್ತ ಕೂತಿದ್ದರು. ಏನು ಜನವೋ! ಕೊಪ್ಪಳದಲ್ಲಿ ಅದಿರಿನ ಗೂಡ್ಸು ನಿಂತಾಗ ಕಾಲೇಜಿಗೆ ಹೋಗುವ ನಾವು ಮಾಡುತ್ತಿದ್ದುದನ್ನೇ ಮಾಡಿದೆ. ಚೀಲವನ್ನು ಆಚೆ ಎಸೆದು, ಬಗ್ಗಿ ಡಬ್ಬಿಯ ಕೆಳಗೆ ನುಸುಳಿದೆ. ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ಆಚೆ ಎದ್ದು ನಿಲ್ಲುವಷ್ಟರಲ್ಲಿ ಗೂಡ್ಸು ಒಮ್ಮೆ ಜಗ್ಗಿ ಹೊರಟೇಬಿಟ್ಟಿತು.

ಹೊತ್ತಿಗೆ ಸರಿಯಾಗಿ ಮುಟ್ಟಿದೆನೆಂದು ಹಿಗ್ಗುತ್ತ ಹೋದರೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಲಿಂಡಾಳ ಮುಖ ಬಿಳಿಚಿಕೊಂಡಿತ್ತು.

“ಸತ್ತೇ ಹೋಗುತ್ತಿದ್ದೆಯಲ್ಲ! ರೈಲು ಅಡ್ಡ ಬಂದರೆ ಒಂದು ಫೋನ್ ಮಾಡಿದರಾಯಿತು. ಈ ಊರಲ್ಲಿ ಅದನ್ನು ಯಾರೂ ತಡ ಅನ್ನುವುದಿಲ್ಲ. ಇನ್ನೊಮ್ಮೆ ನುಸುಳಿದರೆ ಮಾತ್ರ ನಿನಗೆ ಕೆಲಸವಿಲ್ಲ.”

“ಮೊದಲೇ ಯಾಕೆ ಹೇಳಲಿಲ್ಲ?”

“ಇದನ್ನೂ ಹೇಳಬೇಕಾ?”

ಮೈಯೆಲ್ಲ ಉರಿಯಿತು. ಮರುದಿನ ಬೆಳಿಗ್ಗೆ ಅವ್ವನಿಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಹೇಳಿಕೊಂಡೆ. ಅವಳಾದರೂ ನನ್ನ ಕಡೆಗಿರಲಿ ಎಂದು.

“ದಾಟಿದ್ರ ಏನಾತು?” ಎಂದಳು ಅವ್ವ. “ನಾವೇನ್ ಹೊಸದಾಗಿ ದಾಟ್ತೀವೇನು? ಮೊನ್ನೆ ಸಾಲಿಗೆ ಹೊತ್ತಾಗಿತ್ತು, ನಿನ್ನ ಮಗಳನ್ನೂ ಹಂಗ ದಾಟಿಸೀನಿ.”

ಗೂಡ್ಸು ಜಗ್ಗಿದ ಸದ್ದು ಎದೆಯೊಳಗೇ ಕೇಳಿತು.

“ಕೂಸಿನ್ನ ಗಾಡಿ ಕೆಳಗ ತೂರಿಸಿದಿ? ಬುದ್ಧಿಗಿದ್ಧಿ ಐತಿಲ್ಲಬೇ ನಿನಗ? ತಡಾ ಆದ್ರ ಆಗ್ಲಿ!” ಲಿಂಡಾಳಿಗಿಂತ ಜೋರಾಗಿ ಚೀರಿದೆ.

“ತಡಾ ಆದ್ರ ಮಾಸ್ತರು ಹೊರಗ ನಿಂದರಸ್ತಾರ. ಹುಡುಗಿ ಅಳಕೋತ ಬರ್ತೈತಿ. ಅಲ್ಲಿ ಕುಂತು ನಿನಗೇನ್ ತಿಳಿತೈತಿ?”

“ಮಾಸ್ತರಿಗೆ ನಾನ ಫೋನ್ ಮಾಡ್ತೀನಿ. ಒಂದು ಜೀವದ ಕಿಮ್ಮತ್ತು ಗೊತ್ತಿಲ್ಲೇನು ನಿಮ್ಮೂರಾಗ?”



“ನಿಮ್ಮೂರು?” ಎಂದಳು ಅವ್ವ.